ತುಟಿ ಓದುವವಳ ಕಿವಿ

"ಇವತ್ತೇನು, ಮಗ್ಗಗಳೆಲ್ಲ ಉಪವಾಸ ಮಾಡ್ತಿದಾವಾ? ಸದ್ದೇ ಇಲ್ವಲ್ಲ?"

ಕೇಳಿದವಳು ರೇಡಿಯೊ ಅಕ್ಕ. ಯಾರನ್ನೂ ಉದ್ದೇಶಿಸಿ ಕೇಳಿದ್ದಲ್ಲ. ಲಾಳಿಗೆ ಹೊಸ ನೂಲು ತುಂಬುತ್ತ ತನ್ನಷ್ಟಕ್ಕೆ ತಾನು ಆಡಿಕೊಂಡ ಮಾತು. ಕೂಗಿ ಆಡಿದ್ದರೂ ಅದು ಯಾರ ಕಿವಿಗೂ ಬೀಳುವಂತಿರಲಿಲ್ಲ. ಮಗ್ಗಗಳೆಲ್ಲ ಎಂದಿನಂತೆ ಹೊಟ್ಟೆ ತುಂಬ ಉಂಡು ಬಂದವರ ಹಾಗೆ ಕುಣಿಯುತ್ತಿದ್ದವು. ತಗಡಿನ ಸೂರು ನಡುಗುತ್ತಿತ್ತು, ನೆಲಕ್ಕೆ ಅಂಗಾಲು ಊರಿದರೆ ಮೊಣಕಾಲಿನ ತನಕ ಜುಮ್ಮೆನ್ನುತ್ತಿತ್ತು. ಅಂಥ ಗದ್ದಲದಲ್ಲಿ ಎದುರು ಸಾಲಿನ ಕೊನೆಯಲ್ಲಿ ನಿಂತಿದ್ದ ಅವಳ ನಾದಿನಿ ತಲೆಯೆತ್ತಿದಳು, ಅತ್ತಿಗೆಯ ತುಟಿಯನ್ನು ನೋಡಿದಳು, ನೋಡಿದವಳು ಹಾಗೆಯೇ ಕೈ ನಿಲ್ಲಿಸಿಬಿಟ್ಟಳು.

ಆ ಶೆಡ್ಡಿನಲ್ಲಿ ಮಾತಿಗೆ ಕಿವಿ ಬೇಕಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರು ಮೊದಮೊದಲು ಗಂಟಲು ಹರಿದುಕೊಂಡು ಕೂಗುತ್ತಾರೆ. ಆಮೇಲೆ ಬುದ್ಧಿ ಬಂದು ಬರೀ ತುಟಿ ಆಡಿಸುತ್ತಾರೆ. ಬೈಗುಳ, ತಮಾಷೆ, ಮದುವೆ ಮಾತುಕತೆ, ಸಾವಿನ ಸುದ್ದಿ ಎಲ್ಲ ಅಲ್ಲಿ ತುಟಿಯಿಂದ ಕಣ್ಣಿಗೆ ದಾಟುತ್ತಿದ್ದವು. ಗುಟ್ಟು ಹೇಳಬೇಕಾದವರು ಕಿವಿಯ ಹತ್ತಿರ ಬಾಯಿ ಒಯ್ಯುತ್ತಿರಲಿಲ್ಲ. ಉಳಿದವರಿಗೆಲ್ಲ ಬೆನ್ನು ಮಾಡಿ ನಿಲ್ಲುತ್ತಿದ್ದರು, ಅಷ್ಟೇ. ಈ ವಿದ್ಯೆಯಲ್ಲಿ ರೇಡಿಯೊ ಅಕ್ಕನನ್ನು ಮೀರಿಸಿದವರಿಲ್ಲ. ಕಚೇರಿಯ ಗಾಜಿನ ಆಚೆ ಮಾಲೀಕರು ಫೋನಿನಲ್ಲಿ ಆಡಿದ ಮಾತು, ಅವರು ಫೋನ್ ಕೆಳಗಿಡುವ ಮೊದಲೇ ಕೊನೆಯ ಸಾಲಿನ ತನಕ ತಲುಪಿರುತ್ತಿತ್ತು. ಅದಕ್ಕೇ ರೇಡಿಯೊ ಎಂಬ ಹೆಸರು ಬಂದದ್ದು. ಹೆತ್ತವರು ಇಟ್ಟ ಹೆಸರು ಹಾಜರಿ ಕೂಗುವ ಮೇಸ್ತ್ರಿಗೂ ಮರೆತುಹೋಗಿತ್ತು.

ಊಟದ ಹೊತ್ತಿಗೆ ಮಗ್ಗ ನಿಂತವು. ಹೆಂಗಸರು ಗೋಡೆಯ ನೆರಳಿನಲ್ಲಿ ಡಬ್ಬಿ ಬಿಚ್ಚಿ ಕುಳಿತರು. ನಾದಿನಿ ಬೇಕೆಂದೇ ಅತ್ತಿಗೆಯ ಬೆನ್ನ ಹಿಂದೆ ಹೋಗಿ ಕುಳಿತು, "ಅತ್ತಿಗೆ, ನಿನ್ನ ಅನ್ನಕ್ಕೆ ಇರುವೆ ಹತ್ತಿದೆ ನೋಡು" ಎಂದಳು. ರೇಡಿಯೊ ಅಕ್ಕ ತುತ್ತು ಕಲಸಿ ಬಾಯಿಗಿಟ್ಟಳು. ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಿದರೂ ಅವಳು ನೆಮ್ಮದಿಯಾಗಿ ಅಗಿಯುತ್ತಲೇ ಇದ್ದಳು. ಎದುರಿಗಿದ್ದವರು ಮೊದಲು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು.

ನಾದಿನಿ ಮುಂದೆ ಬಂದು ಕುಳಿತಳು.

"ಉಪವಾಸ ಮಗ್ಗದ್ದಲ್ಲ ಅತ್ತಿಗೆ, ನಿನ್ನ ಕಿವೀದು."

ಇವಳು ಒಪ್ಪಲಿಲ್ಲ. ನೀವೆಲ್ಲ ಆಡುವುದು ನನಗೆ ತಿಳಿಯುತ್ತದಲ್ಲ, ಇದು ಯಾವ ಸೀಮೆ ಕಿವುಡು ಎಂದು ವಾದಿಸಿದಳು. ಆದರೆ ವಾದಿಸುತ್ತಿರುವಾಗಲೇ ಅವಳಿಗೂ ಅನುಮಾನ ಹುಟ್ಟಿತು. ಯಾಕೆಂದರೆ ಲೋಕದಲ್ಲಿ ಒಬ್ಬರ ಮಾತು ಮಾತ್ರ ಈಚೆಗೆ ಅವಳಿಗೆ ತಿಳಿಯುತ್ತಿರಲಿಲ್ಲ. ಅದರ ತಪ್ಪನ್ನು ಅವಳು ಈವರೆಗೆ ಆಡುವವರ ಬಾಯಿಯ ಮೇಲೆ ಹಾಕಿದ್ದಳು.

ಆ ಒಬ್ಬರು ಅವಳ ಗಂಡ. ಅದೇ ಶೆಡ್ಡಿನಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದವರು. ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿ, ಬಾಯಿ ಒಂದು ಪಕ್ಕಕ್ಕೆ ವಾಲಿತ್ತು. ವಾರ ವಾರ ಬಂದು ವ್ಯಾಯಾಮ ಮಾಡಿಸಿಕೊಂಡರೆ ನಾಲಿಗೆ ತಿರುಗುತ್ತದೆ ಎಂದು ದೊಡ್ಡಾಸ್ಪತ್ರೆಯವರು ಹೇಳಿದ್ದರು. ಎತ್ತಿ ಆಟೊದಲ್ಲಿ ಕೂರಿಸಿ, ಇಳಿಸಿ, ಸಾಲಿನಲ್ಲಿ ನಿಲ್ಲಿಸಿ, ಅಷ್ಟು ದಿನ ಕೂಲಿ ಬಿಟ್ಟು ಒಯ್ಯುವವರು ಯಾರು? ಕೆಲವು ವಾರ ಒಯ್ದಳು, ಆಮೇಲೆ ಆಗಲಿಲ್ಲ. ಊರಿನವರ ತುಟಿಯೆಲ್ಲ ಅವಳಿಗೆ ಅಂಗೈ ಗೆರೆಯಷ್ಟು ಸಲೀಸು. ಈ ಒಂದು ಜೋಡಿ ತುಟಿ ಮಾತ್ರ, ಅರ್ಧ ಮೇಲೆದ್ದು ಅರ್ಧ ಜೋತುಬಿದ್ದು, ಯಾವ ಅಕ್ಷರವನ್ನೂ ಬಿಟ್ಟುಕೊಡುತ್ತಿರಲಿಲ್ಲ. ಅವರು ನೀರು ಕೇಳಿದರೆ ಇವಳು ದಿಂಬು ತರುವಳು. ದಿಂಬು ಕೇಳಿದರೆ ಕಿಟಕಿ ತೆಗೆಯುವಳು. ಮೊದಲು ಇಬ್ಬರೂ ನಕ್ಕಿದ್ದುಂಟು.

ನಗು ನಿಂತದ್ದು, ನಾದಿನಿ ಶೆಡ್ಡಿನಲ್ಲಿ ಆ ಮಾತು ಹೇಳಿದ ಕೆಲವು ದಿನದ ಮೇಲೆ, ಒಂದು ಬೆಳಿಗ್ಗೆ. ಅವಳು ಒಲೆಯ ಕಡೆ ಮುಖ ಮಾಡಿ ಪಾತ್ರೆ ಉಜ್ಜುತ್ತಿದ್ದಳು. ಮಂಚ ಇದ್ದದ್ದು ಕೈ ಚಾಚಿದರೆ ಸಿಗುವಷ್ಟು ಹಿಂದೆ. ಗುಟುಕು ನೀರು ನೆತ್ತಿಗೇರಿ ಅವರು ಕೆಮ್ಮಿದರು, ಕರೆದರು, ಕೈಯಲ್ಲಿದ್ದ ಸ್ಟೀಲ್ ಲೋಟವನ್ನು ಮಂಚದ ಕಬ್ಬಿಣಕ್ಕೆ ಬಡಿದರು. ಅವಳು ಪಾತ್ರೆ ಒರೆಸಲು ಬಟ್ಟೆಗೆಂದು ತಿರುಗಿದಾಗ ಅವರ ಮುಖ ಕಪ್ಪಿಟ್ಟಿತ್ತು. ಎತ್ತಿ ಕೂರಿಸಿ, ಬೆನ್ನು ತಟ್ಟಿ, ಉಸಿರು ಬಂದ ಮೇಲೆ ಅವಳ ಕಣ್ಣು ಲೋಟದ ಮೇಲೆ ಬಿತ್ತು. ಅಂಚು ನೆಗ್ಗಿಹೋಗಿತ್ತು. ಅಷ್ಟು ಬಡಿದಿದ್ದರು.

ಅಂದಿನಿಂದ ಅವರು ಅವಳನ್ನು ಕರೆಯುವುದನ್ನೇ ಬಿಟ್ಟರು. ಬೇಕಾದದ್ದಿದ್ದರೆ ಅವಳು ತಾನಾಗಿ ತಿರುಗುವ ತನಕ ಸುಮ್ಮನೆ ಕಾಯುತ್ತಿದ್ದರು. ಕೂಗಿದರೆ ಬೈಯಬಹುದು, ಅತ್ತರೆ ಸಮಾಧಾನ ಮಾಡಬಹುದು. ಹೀಗೆ ಕಾದು ಮಲಗಿದವರಿಗೆ ಏನು ಮಾಡುವುದು? ಅವರು ಕರೆಯಬೇಕು, ತನಗೆ ಕೇಳಬೇಕು. ಅವಳಿಗೆ ಬೇಕಾದದ್ದು ಅಷ್ಟೇ. ದೇವರ ಮುಂದೆ ನಿಂತಾಗಲೂ ಬೇರೇನೂ ಕೇಳಿಕೊಳ್ಳುತ್ತಿರಲಿಲ್ಲ.

ಕಿವಿಗೆ ಸಿಕ್ಕಿಸುವ ಮೆಷಿನ್ನು ದೊಡ್ಡಾಸ್ಪತ್ರೆಯಲ್ಲಿ ಬಡವರಿಗೆ ಪುಕ್ಕಟೆ ಕೊಡುತ್ತಾರೆ ಎಂಬ ಸುದ್ದಿ ತಂದವಳು ನಾದಿನಿಯೇ. ಆದರೆ ಕಿವಿಯ ವಿಭಾಗ ತೆರೆಯುವುದು ಕೆಲಸದ ದಿನಗಳ ಬೆಳಿಗ್ಗೆ ಮಾತ್ರ. ಶೆಡ್ಡಿಗೆ ರಜೆಯಿದ್ದ ದಿನ ಆಸ್ಪತ್ರೆಗೂ ರಜೆ. ಕೆಲಸ ತಪ್ಪಿಸಿದರೆ ಅವಳ ಮಗ್ಗ ಹಿಡಿಯಲು ಗೇಟಿನ ಹೊರಗೆ ಕಾದು ನಿಂತವರಿಗೇನೂ ಬರವಿರಲಿಲ್ಲ. ಕೊನೆಗೆ ನಾದಿನಿ ತನ್ನ ಮಗ್ಗಗಳ ಜೊತೆ ಅತ್ತಿಗೆಯ ಮಗ್ಗಗಳನ್ನೂ ನೋಡಿಕೊಳ್ಳುತ್ತೇನೆ ಎಂದು ಮೇಸ್ತ್ರಿಗೆ ಮಾತು ಕೊಟ್ಟಳು. ಮೇಸ್ತ್ರಿ ಒಂದು ಬೆಳಗಿನ ಮಟ್ಟಿಗೆ ತಲೆಯಾಡಿಸಿದ.

ಕಿವಿಯ ಡಾಕ್ಟರು ಎಳೆಯ ವಯಸ್ಸಿನವರು, ಒಳ್ಳೆಯವರು. ಬಾಗಿಲಿನ ಹೊರಗೆ ಸಾಲು ಮೆಟ್ಟಿಲಿಳಿದು ಅಂಗಳದ ತನಕ ಹಬ್ಬಿದ್ದರೂ ಬಂದವರನ್ನು ಗದರುತ್ತಿರಲಿಲ್ಲ. ಅವಳು ಕುಳಿತ ಕೂಡಲೇ ಮುಖದ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು, ಇದನ್ನು ಹಾಕಿಕೊಂಡು ಮಾತಾಡಿದರೆ ಪಾಪ ನಿಮಗೆಲ್ಲ ಅರ್ಥವಾಗುವುದಿಲ್ಲ ಎಂದರು. ಆ ಒಳ್ಳೆಯತನವೇ ಅವಳಿಗೆ ಮುಳುವಾಯಿತು.

ಹೆಸರೇನು, ಮಕ್ಕಳೆಷ್ಟು, ಬೆಳಿಗ್ಗೆ ಏನಾದರೂ ತಿಂದು ಬಂದಿರಾ ಎಂದು ಕೇಳಿದರು. ಅವಳು ಪಟಪಟನೆ ಉತ್ತರ ಕೊಟ್ಟಳು. ಡಾಕ್ಟರು ಎದ್ದು ದೂರದ ಗೋಡೆಯ ಹತ್ತಿರ ನಿಂತು, ನಾನು ಪಿಸುಗುಟ್ಟಿದ್ದನ್ನು ತಿರುಗಿ ಹೇಳಿ ಎಂದರು. ಪಿಸುಮಾತಂತೂ ಅವಳಿಗೆ ಹಬ್ಬದೂಟ. ದನಿಯ ಹಂಗೇ ಇಲ್ಲದ ಬರೀ ತುಟಿ. ಹಾಲು ಎಂದರೆ ಹಾಲು, ಹಗ್ಗ ಎಂದರೆ ಹಗ್ಗ, ಕೊನೆಯ ಮಾತನ್ನಂತೂ ಡಾಕ್ಟರು ಬಾಯಿ ಮುಚ್ಚುವ ಮೊದಲೇ ಒಪ್ಪಿಸಿಬಿಟ್ಟಳು. ಬಾಗಿಲಲ್ಲಿ ನಿಂತವರು ಮೆಚ್ಚಿ ತಲೆದೂಗಿದರು.

"ಅಮ್ಮಾ, ನಿಮ್ಮ ಕಿವಿ ನನ್ನ ಕಿವಿಗಿಂತ ಚುರುಕಾಗಿದೆ," ಎಂದರು ಡಾಕ್ಟರು. "ಸ್ವಲ್ಪ ಗುಗ್ಗೆ ಕಟ್ಟಿದೆ. ಹನಿ ಬರ್ಕೊಡ್ತೀನಿ, ಬಿಟ್ಕೊಳ್ಳಿ."

ಹುಚ್ಚಿ, ಪರೀಕ್ಷೆಯಲ್ಲಿ ತರಗತಿಗೇ ಮೊದಲು ಬಂದ ಮಗುವಿನ ಹಾಗೆ ಉಬ್ಬಿಕೊಂಡು ಮನೆಗೆ ಬಂದಳು. ಮಂಚದ ಅಂಚಿನಲ್ಲಿ ಕುಳಿತು ಗಂಡನಿಗೆ ಎಲ್ಲವನ್ನೂ ಬಣ್ಣ ಕಟ್ಟಿ ಹೇಳಿದಳು: ಡಾಕ್ಟರು ಗೋಡೆಗೆ ಹೋಗಿ ನಿಂತದ್ದು, ಪಿಸುಗುಟ್ಟಿದ್ದು, ಜನ ತಲೆದೂಗಿದ್ದು. ಅವರು ಕೊನೆಯ ತನಕ ಕೇಳಿದರು. ಮುಖದ ಒಂದು ಪಕ್ಕ ನಕ್ಕಿತು. ಆಮೇಲೆ ಏನೋ ಹೇಳಿದರು.

"ಏನಂದ್ರಿ?"

ಇನ್ನೊಮ್ಮೆ ಹೇಳಿದರು, ತುಂಡು ತುಂಡಾಗಿ, ಕಷ್ಟಪಟ್ಟು.

"ನೀರಾ?"

ಅವರು ಕಣ್ಣು ಮುಚ್ಚಿಕೊಂಡರು. ಹನಿಯ ಸೀಸೆ ಅವಳ ಕೈಯಲ್ಲೇ ಉಳಿಯಿತು. ಉಬ್ಬಿದ್ದೆಲ್ಲ ಆಗ ಇಳಿಯಿತು.

ಸಂಜೆ ಶೆಡ್ಡಿನಿಂದ ಸೀದಾ ಬಂದ ನಾದಿನಿ ಸೀಸೆಯನ್ನು ನೋಡಿಯೇ ಎಲ್ಲ ಅರ್ಥ ಮಾಡಿಕೊಂಡಳು. ಅವಳ ನಾಲಿಗೆಗೆ ಹೊಲಿಗೆ ಹಾಕುವವರು ಇನ್ನೂ ಹುಟ್ಟಿರಲಿಲ್ಲ.

"ಪಾಸಾಗಿ ಬಂದ್ಯಾ? ಅಲ್ಲ ಅತ್ತಿಗೆ, ಫೇಲಾದೋರಿಗೆ ಮೆಷಿನ್ ಕೊಡೋದು. ಡಾಕ್ಟ್ರು ನೋಡಿದ್ದು ನಿನ್ನ ಕಣ್ಣನ್ನ. ಕಿವಿ ಅವರಿಗೆ ಸಿಗಲೇ ಇಲ್ಲ. ನಿನ್ನ ಕಣ್ಣು ಅಡ್ಡ ನಿಂತ್ಕೊಂಡು ಬೊಗಳ್ತಾ ಇತ್ತು, ಕಾವಲು ನಾಯಿ ಹಾಗೆ."

ಮಂಚದಿಂದ ಏನೋ ಮಾತು ಬಂದಿರಬೇಕು. ನಾದಿನಿ ಅತ್ತ ತಿರುಗಿ, ಕೇಳಿಸಿಕೊಂಡು, ನಗಲಾರದೆ ನಕ್ಕಳು. ಅತ್ತಿಗೆ ಅವಳ ಭುಜ ಹಿಡಿದು ಏನಂತೆ ಎಂದು ಕೇಳಿದಳು.

"ಆಗಲೇ ನಿನಗೆ ಹೇಳಿದ್ದಂತೆ. 'ಊರವರ ತುಟಿಯೆಲ್ಲ ಓದ್ತಾಳೆ, ಕಟ್ಕೊಂಡ ಗಂಡನ ತುಟಿಗೆ ಮಾತ್ರ ಅನಕ್ಷರಸ್ಥೆ' ಅಂತ." ನಾದಿನಿಯೇ ಮುಂದುವರಿದು ಕೇಳಿದಳು: "ಅತ್ತಿಗೆ, ಅಣ್ಣ ದಿನಾ ಸಂಜೆ ಪದ್ಯ ಹೇಳ್ತಾನಲ್ಲ. ಅದೂ ನಿನಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಹಿಂದೆಲ್ಲ ಕೆಲಸ ಮುಗಿಸಿ ಬಂದು ಕೈಕಾಲು ತೊಳೆದ ಮೇಲೆ ಅವರು ತಮ್ಮ ಅಪ್ಪನಿಂದ ಕಲಿತ ದೇವರ ಪದ್ಯಗಳನ್ನು ಹೇಳುತ್ತಿದ್ದರು, ಇವಳು ಕೇಳುತ್ತಿದ್ದಳು. ಓದು ಬರಹ ಇಲ್ಲದ ಅವಳಿಗೆ ಇದ್ದ ಒಂದೇ ಓದು ಅದು. ದಿನವೆಲ್ಲ ಮಗ್ಗದ ಬಡಿತ ತುಂಬಿದ ತಲೆಯೊಳಗೆ ಆ ಸಾಲುಗಳು ಹೋಗಿ ಗುಡಿಸಿ ಸಾರಿಸಿದಂತೆ ಆಗುತ್ತಿತ್ತು. ಲಕ್ವದ ಜೊತೆಗೆ ಅದೂ ಹೋಯಿತು ಎಂದುಕೊಂಡು ಅವಳು ಅದರ ಮಾತೇ ಎತ್ತಿರಲಿಲ್ಲ. ಸಂಜೆ ಹೊತ್ತು ಅವರ ಬಾಯಿ ಅಲ್ಲಾಡುವುದನ್ನು ಕಂಡಿದ್ದಳು, ನಿಜ. ಜೊಲ್ಲು ಇಳಿಯುತ್ತಿದೆಯೆಂದು ಬಟ್ಟೆ ತಂದು ಒರೆಸಿದ್ದಳು. ಪದ್ಯದ ನಟ್ಟನಡುವೆ, ದಿನಾ ದಿನಾ, ಬಾಯಿ ಒರೆಸಿದ್ದಳು. ಅವಳು ಒರೆಸಿ ಮುಗಿಸಿದ ಮೇಲೆ ಅವರು ಬಿಟ್ಟ ಸಾಲಿನಿಂದ ಮತ್ತೆ ಹಿಡಿಯುತ್ತಿದ್ದರಂತೆ.

ಅವಳು ಅಳಲಿಲ್ಲ. ಹನಿಯ ಸೀಸೆಯನ್ನು ಕಿಟಕಿಯಲ್ಲಿಟ್ಟು, ನಾಳೆಯೇ ಮೇಸ್ತ್ರಿಯನ್ನು ಮತ್ತೆ ಕೇಳುತ್ತೇನೆ ಎಂದಳು.

ಮೇಸ್ತ್ರಿ ಕೆಟ್ಟವನಲ್ಲ, ಬಾಯಿಬಡುಕ. ಕಿವಿ ಚೆನ್ನಾಗಿದೆ ಅಂದರಲ್ಲ, ಇನ್ನು ಅದಕ್ಕೆ ಓಲೆ ಹಾಕಿಸಿಕೊಳ್ಳುವುದಕ್ಕೆ ರಜೆಯೋ ಎಂದು ಕೊಂಕು ತೆಗೆದ. ಬೆನ್ನಿಗೇ, ಮಾಲೀಕರ ತಾಯಿಗೆ ಕಿವಿ ಮಂದವಾದಾಗ ಏನಾಯಿತೆಂದು ವರ್ಣಿಸತೊಡಗಿದ. ಅವರು ಯಾವುದೋ ಖಾಸಗಿ ಆಸ್ಪತ್ರೆಯಲ್ಲಿ ಕಾರಿನಿಂದ ಇಳಿದವರೇ ನೇರ ಒಂದು ಗಾಜಿನ ಕೋಣೆಗೆ ಹೋದರಂತೆ. ಒಳಗೆ ಒಬ್ಬರೇ. ಕಿವಿಗೆ ಎರಡು ಬಟ್ಟಲಿನಂಥದ್ದು ಕಟ್ಟಿ, ಮೆಷಿನ್ನಿನಿಂದ ಸಣ್ಣ ಸಣ್ಣ ಸದ್ದು ಬಿಡುತ್ತಾರಂತೆ. ಕೇಳಿಸಿದರೆ ಗುಂಡಿ ಒತ್ತುವುದು, ಇಲ್ಲದಿದ್ದರೆ ಸುಮ್ಮನಿರುವುದು. ಯಾರೂ ಎದುರು ಕುಳಿತು ನಿಮ್ಮ ಹೆಸರೇನು, ಮಕ್ಕಳೆಷ್ಟು ಎಂದು ಕೇಳುವುದಿಲ್ಲವಂತೆ.

"ಅಲ್ಲಿ ಯಾರ ತುಟೀನೂ ಇರಲ್ವಾ?" ಎಂದು ಅವಳು ಕೇಳಿದಳು.

"ತುಟಿ ತಗೊಂಡು ಏನ್ ಮಾಡ್ತಾರೆ? ಕಿವಿ ನೋಡೋಕೆ ಹೋಗಿದ್ದಲ್ವಾ?"

ಆ ಮಾತು ಅವಳಿಗೆ ಬೇಕಾದಷ್ಟಾಯಿತು. ಅಂಥದೇ ಕೋಣೆ ದೊಡ್ಡಾಸ್ಪತ್ರೆಯಲ್ಲೂ ಇತ್ತು. ಮೊಗಸಾಲೆಯ ತುದಿಯಲ್ಲಿ, ಮುಚ್ಚಿದ ಬಾಗಿಲಿನ ಆಚೆ. ಆದರೆ ಅಲ್ಲಿಗೆ ಕಳಿಸುವುದು ಮೊದಲ ಡಾಕ್ಟರ ಬಾಯಿಮಾತಿನ ಜರಡಿಯಲ್ಲಿ ಸೋಸಿ ಉಳಿದವರನ್ನು ಮಾತ್ರ. ಒಂದೇ ಕೋಣೆ, ಅಷ್ಟುದ್ದ ಸಾಲು, ಅವರಾದರೂ ಏನು ಮಾಡಿಯಾರು. ಕಾರಿನಲ್ಲಿ ಬಂದವರಿಗೆ ಜರಡಿಯಿಲ್ಲ, ನಡೆದು ಬಂದವರಿಗೆ ಉಂಟು. ಆ ಬಾಗಿಲು ದಾಟಬೇಕು. ದಾಟಬೇಕಾದರೆ ಡಾಕ್ಟರ ಮುಂದೆ ಸೋಲಬೇಕು.

ಸೋಲುವುದನ್ನು ಕಲಿಯುವುದಕ್ಕೆ ಅವಳು ಸಂಜೆ ಸಂಜೆ ನಾದಿನಿಯ ಎದುರು ಕುಳಿತಳು. ನಾದಿನಿ ದನಿಯೆತ್ತದೆ "ಊಟ ಆಯ್ತಾ?" ಎನ್ನುವಳು. "ಇನ್ನೂ ಇಲ್ಲ ಕಣೆ" ಎಂದು ಇವಳ ಬಾಯಿಂದ ಜಾರಿಬಿಡುವುದು. ಹಣೆ ನೋಡು ಎಂದರೆ ಹಣೆ ನೋಡಿದಳು, ಕಿವಿಯೋಲೆ ನೋಡು ಎಂದರೆ ಓಲೆ ನೋಡಿದಳು. ಕೊಟ್ಟಿಗೆಯ ದಾರಿ ಬಲ್ಲ ಎತ್ತಿನ ಹಾಗೆ ಕಣ್ಣು ಮತ್ತೆ ತುಟಿಗೇ ಬಂದು ನಿಲ್ಲುತ್ತಿತ್ತು. ಮಂಚದ ಮೇಲಿನ ಅರ್ಧಮುಖ ಈ ಆಟ ನೋಡಿ ಬಹಳ ದಿನದ ಮೇಲೆ ಕುಲುಕಾಡಿ ನಕ್ಕಿತು.

"ಸುಮ್ನೆ ಕಿವುಡಿ ಥರ ನಾಟಕ ಆಡು, ಅತ್ತಿಗೆ. ಯಾರು ಕೇಳ್ತಾರೆ?"

"ಯಾಕೆ ಆಡ್ಲಿ? ನನ್ನ ಕಿವಿ ಹೋಗಿರೋದು ನಿಜ. ನಿಜಕ್ಕೆ ಸುಳ್ಳಿನ ಬಟ್ಟೆ ತೊಡ್ಸಿ ಕರ್ಕೊಂಡು ಹೋದ್ರೆ, ದೇವರು ಮೆಚ್ತಾನಾ? ನಿಜವಾಗ್ಲೂ ಇರೋದನ್ನೇ ತೋರಿಸ್ತೀನಿ. ಹೆಂಗೆ ಅನ್ನೋದು ಅಲ್ಲಿಗೆ ಹೋದಾಗ ಹೊಳೆಯುತ್ತೆ."

ಮತ್ತೆ ಒಂದು ಬೆಳಗು ನಾದಿನಿಯ ತಲೆಯ ಮೇಲೆ ಎಲ್ಲ ಮಗ್ಗಗಳನ್ನೂ ಹೊರಿಸಿ ಅವಳು ದೊಡ್ಡಾಸ್ಪತ್ರೆಯ ಮೆಟ್ಟಿಲು ಹತ್ತಿದಳು. ಇದು ಕೊನೆಯ ಸಲ, ಇನ್ನು ಗೇಟಿನ ಹೊರಗೆ ಕಾಯುವವರನ್ನು ಒಳಗೆ ಕರೆಯುತ್ತೇನೆ ಎಂದು ಮೇಸ್ತ್ರಿ ಹೇಳಿಯೇ ಕಳಿಸಿದ್ದ. ಮೇಸ್ತ್ರಿ ಹಾಗೆಲ್ಲ ಎರಡು ಮಾತಿನವನಲ್ಲ.

ಅದೇ ಡಾಕ್ಟರು. ಅವಳನ್ನು ಕಂಡೊಡನೆ ಗುರುತು ಹಿಡಿದರು. ಹಿಡಿದದ್ದು ಅವಳಿಗೆ ಒಳ್ಳೆಯದಾಗಲಿಲ್ಲ. ಪಕ್ಕದಲ್ಲಿ ಮಾಸ್ಕಿಲ್ಲದೆ ನಿಂತಿದ್ದ ನರ್ಸು ಡಾಕ್ಟರ ಕಡೆ ವಾಲಿ, ಪುಕ್ಕಟೆ ಮೆಷಿನ್ನು ತೆಗೆದುಕೊಂಡು ಹೋಗಿ ಮಾರಿಕೊಳ್ಳುವವರು ಈಚೆಗೆ ಹೆಚ್ಚಾಗಿದ್ದಾರೆ ಎಂದಳು. ಮೆಲ್ಲಗೆ ಅಂದೆನೆಂದು ಅವಳ ಎಣಿಕೆ. ರೇಡಿಯೊ ಅಕ್ಕನಿಗೆ ಒಂದಕ್ಷರವೂ ತಪ್ಪಲಿಲ್ಲ.

"ನಾನು ಮಾರೋಳಲ್ಲ ತಾಯಿ" ಎಂದು ಬಾಯಿಂದ ಬಂದೇಬಿಟ್ಟಿತು.

ಡಾಕ್ಟರು ನಕ್ಕರು. ಅಷ್ಟು ಮೆಲುಮಾತು ಕೇಳಿಸಿತಲ್ಲ ಎಂಬ ನಗು. ಮಾಸ್ಕನ್ನು ಗದ್ದಕ್ಕಿಳಿಸಿದರು. ದಯವಿಟ್ಟು ಅದನ್ನು ಮೇಲೆ ಹಾಕಿಕೊಂಡೇ ಮಾತಾಡಿ ಎಂದು ಅವಳು ಬೇಡಿದಳು. ಇರಲಿ ಬಿಡಿ, ನನ್ನಿಂದ ನಿಮಗೇನೂ ಅಂಟುವುದಿಲ್ಲ ಎಂದರು. ಹನಿ ಬಿಟ್ಟುಕೊಂಡಿರಾ ಎಂದು ಕೇಳಿದರು, ಬಿಟ್ಟುಕೊಂಡೆ ಎಂದಳು. ಕಿವಿ ನೋವಿದೆಯೇ ಎಂದರು, ಇಲ್ಲ ಎಂದಳು. ಹೇಳುತ್ತಿದ್ದಂತೆಯೇ ತಾನು ಮತ್ತೆ ಪಾಸಾಗುತ್ತಿರುವುದು ಅವಳಿಗೆ ತಿಳಿಯುತ್ತಿತ್ತು. ಜಾರುಬಂಡೆಯ ಮೇಲೆ ಕೂತವಳಿಗೆ ನಿಲ್ಲು ಎಂದರೆ ನಿಲ್ಲಲಾದೀತೇ? ಡಾಕ್ಟರು ಬಾಗಿಲಿನ ಕಡೆ ನೋಡಿ ಮುಂದಿನವರನ್ನು ಕರೆದರು. ಒಬ್ಬ ಮುದುಕ ಊರುಗೋಲು ಊರುತ್ತ ಒಳಗೆ ಬಂದ.

ಅವಳು ಏಳಲಿಲ್ಲ.

ಕುಳಿತಿದ್ದದ್ದು ಗುಂಡನೆಯ, ತಿರುಗುವ ಸ್ಟೂಲು. ನೆಲಕ್ಕೆ ಕಾಲು ಊರಿ ಅದನ್ನು ತಿರುಗಿಸಿದಳು. ಡಾಕ್ಟರು ಹೋದರು, ನರ್ಸು ಹೋದಳು, ಬಾಗಿಲು, ಮುದುಕ, ಎಲ್ಲ ಸರಿದು ಸುಣ್ಣ ಬಳಿದ ಬರಿಯ ಗೋಡೆ ಎದುರಾಯಿತು. ಬೆನ್ನ ಹಿಂದೆ ಕೋಣೆಯ ಸದ್ದೆಲ್ಲ ಯಾರೋ ಹಾಸಿಗೆಯಲ್ಲಿ ಸುತ್ತಿಟ್ಟಂತೆ ಅಡಗಿಹೋಯಿತು. ಇದೇ ತನ್ನ ನಿಜವಾದ ಕಿವಿ. ಇಷ್ಟೇ ಉಳಿದಿರುವುದು. ಇಷ್ಟು ದಿನ ಇದನ್ನು ತನಗೂ ತೋರಿಸಿಕೊಂಡಿರಲಿಲ್ಲ.

ಗೋಡೆಗೆ ಹೇಳುವವಳಂತೆ ಅವಳು ಹೇಳಿದಳು.

"ಡಾಕ್ಟ್ರೇ, ನಾನು ಮಗ್ಗದ ಶೆಡ್ಡಿನೋಳು. ಅಲ್ಲಿ ನಾವೆಲ್ಲ ತುಟಿ ನೋಡಿ ಮಾತಾಡೋದು. ಹೋದ ಸಲ ನಿಮಗೆ ಉತ್ತರ ಕೊಟ್ಟಿದ್ದು ನನ್ನ ಕಣ್ಣು. ಕಿವಿ ಸತ್ತು ಎಷ್ಟು ದಿನ ಆಯ್ತೋ ನನಗೇ ಗೊತ್ತಿಲ್ಲ. ನನ್ನ ಯಜಮಾನರಿಗೆ ಲಕ್ವ ಹೊಡೆದು ಬಾಯಿ ಸೊಟ್ಟಗಿದೆ. ಅವರೊಬ್ಬರ ತುಟಿ ನನಗೆ ಓದೋಕೆ ಬರಲ್ಲ. ಅವರು ಉಸಿರು ಕಟ್ಟಿ ಕರೆದ್ರೂ ಕೇಳ್ಸಲ್ಲ, ದೇವರ ಪದ್ಯ ಹೇಳಿದ್ರೂ ಕೇಳ್ಸಲ್ಲ. ಈಗ ನೀವು ಏನಾದ್ರೂ ಕೇಳಿ. ಉತ್ತರ ಬಂದ್ರೆ ಮನೆಗೆ ಕಳಿಸಿ, ಇನ್ನು ಬರಲ್ಲ. ಬರದೆ ಇದ್ರೆ ಆ ಗಾಜಿನ ಕೋಣೆಗೆ ಕಳಿಸಿ."

ಹೇಳಿ ಕಾದಳು. ಕೋಣೆಯಲ್ಲಿ ಯಾರು ಏನಂದರೋ, ನಕ್ಕರೋ, ಬೈದರೋ, ಗೋಡೆ ಹೇಳಲಿಲ್ಲ. ಒಂದು ಸಣ್ಣ ಗುಂಯ್ ಬಂದು ಹೋಯಿತು. ಡಾಕ್ಟರೋ ಫ್ಯಾನೋ ತಿಳಿಯಲಿಲ್ಲ. ಯಾರೋ ತೋಳು ಹಿಡಿದೆಳೆದರು. ಬೆರಳು ತಣ್ಣಗಿದ್ದವು, ನರ್ಸಿರಬೇಕು. ಅವಳು ಪಕ್ಕದ ಕಿಟಕಿಯ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ದಿನವೆಲ್ಲ ಮಗ್ಗ ಎಳೆದ ಕೈ ಅದು. ಬಿಡಿಸಲು ಬಂದ ಕೈ ಸ್ವಲ್ಪ ಹೊತ್ತಿನ ಮೇಲೆ ತಾನೇ ಬಿಟ್ಟಿತು.

ಆಮೇಲೆ ಗೋಡೆಗೂ ಅವಳಿಗೂ ನಡುವಿನ ಇಕ್ಕಟ್ಟಿನಲ್ಲಿ ಬಿಳಿಯ ಕೋಟು ನುಸುಳಿತು. ಡಾಕ್ಟರು. ಅವಳ ಮುಖದ ಮಟ್ಟಕ್ಕೆ ಕುಕ್ಕರುಗಾಲಿನಲ್ಲಿ ಕೂತರು. ಸಿಟ್ಟಿರಲಿಲ್ಲ; ಅನುಮಾನವಿತ್ತು, ಆಯಾಸವಿತ್ತು, ಸ್ವಲ್ಪ ಕುತೂಹಲವೂ ಇತ್ತು. ತುಟಿಗಳು ತೊಳೆದಿಟ್ಟ ಹಾಗೆ ಸ್ಪಷ್ಟವಾಗಿ ಆಡಿದವು.

"ಅಮ್ಮಾ, ಹಿಂಗೆ ಗೋಡೆ ಜೊತೆ ಮಾತಾಡಿದ್ರೆ ನಾನು ಹೇಗೆ ಪರೀಕ್ಷೆ ಮಾಡ್ಲಿ? ಹೊರಗೆ ಜನ ಕಾಯ್ತಿದಾರೆ. ಒಂದೇ ಒಂದು ಸಲ ನನ್ನ ಮುಖ ನೋಡಿ ಮಾತಾಡಿ, ಸಾಕು."

ಅವಳು ಸ್ಟೂಲನ್ನು ಇನ್ನೊಂದು ಪಕ್ಕಕ್ಕೆ ತಿರುಗಿಸಿದಳು.

"ನೋಡಲ್ಲ ಡಾಕ್ಟ್ರೇ," ಎಂದಳು. "ನೋಡಿದ್ರೆ ಮತ್ತೆ ಪಾಸಾಗಿಬಿಡ್ತೀನಿ."